ಕಾಲೇ ಲೆನ್ಸು

ಹಿರಿಯೂರು
18-1-2007

ನಾಗಭೂಷಣನಿಗೆ,

ನಿನ್ನ ಕಾಗದ ಮುಟ್ಟಿತು. ನಾಲ್ಕು ಪುಟ ಬರೆದಿದ್ದೀಯ, ಅದರಲ್ಲಿ ಮೂರೂವರೆ ಪುಟ ಮೆಗಾಪಿಕ್ಸೆಲ್ಲು. ಎತ್ತು ಕೊಳ್ಳಲು ಸಂತೆಗೆ ಹೋದವನು ಬಾಲದ ಕೂದಲು ಎಣಿಸುತ್ತ ಕೂತ ಹಾಗಾಯಿತು. ಹಲ್ಲು ನೋಡು, ಗೊರಸು ನೋಡು. ಕೂದಲು ಹೆಚ್ಚಿದ್ದರೆ ಹೆಚ್ಚು ಉಳುತ್ತದೆಯೇ?

ಮೊದಲೇ ಹೇಳಿಬಿಡುತ್ತೇನೆ, ಈ ಡಿಜಿಟಲ್ ಎಂಬುದು ನನಗೆ ಗೊತ್ತಿಲ್ಲ. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟರ ಕಡೆ ಸ್ಲೇಟು ಬೀಸಿ ಶಾಲೆ ಬಿಟ್ಟವನು ನಾನು. ಆಮೇಲೆ ಕಲಿತದ್ದೆಲ್ಲ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ, ಕೆಂಪು ಬಲ್ಬಿನ ಕೆಳಗೆ. ರೀಲು ಹಾಕುವ ಕ್ಯಾಮೆರಾ ಬಿಟ್ಟು ಬೇರೆ ಮುಟ್ಟಿಲ್ಲ. ಆದರೂ ತಂಗಿಯ ಮಗ ಹುಟ್ಟಿದ ಮೇಲೆ ಮೊದಲ ಸಲ ನನ್ನನ್ನು ಒಂದು ಮಾತು ಕೇಳಿದ್ದಾನೆ. ಹೇಳದಿದ್ದರೆ ನಿಮ್ಮವ್ವ ಗಂಗಕ್ಕ ನನ್ನ ಹುಟ್ಟಡಗಿಸುತ್ತಾಳೆ.

ಫೋನು ಮಾಡಬೇಡ. ಎಡಗಿವಿ ಹೋಗಿ ವರ್ಷವಾಯಿತು, ಬಲಗಿವಿಯೂ ಅದರ ಹಿಂದೆ ಹೊರಟಿದೆ. ಫೋನಿನಲ್ಲಿ ನಿನ್ನ ಮಾತು ಡಬ್ಬಿಯೊಳಗೆ ಜೀರುಂಡೆ ಬಿದ್ದ ಹಾಗೆ ಕೇಳುತ್ತದೆ. ಮದುವೆ ಮಂಟಪದ ಮೆಟ್ಟಿಲಿನಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ನಾನು ಹೊಸಿಲು ದಾಟಿಲ್ಲ. ಸ್ಟುಡಿಯೋ ನಡೆಸುವುದು ಮಗಳು ಅನುಸೂಯ. ನನಗೆ ಕಾಗದ ಓದಲು ಬೇಕಾದಷ್ಟು ಹೊತ್ತಿದೆ.

ಈಗ ಕೇಳಿಸಿಕೋ. ಆ ಕಂಪನಿಯೋ ಈ ಕಂಪನಿಯೋ ಎಂದು ತಲೆ ಕೆಡಿಸಿಕೊಳ್ಳಬೇಡ. ದಾವಣಗೆರೆಗೆ ಹೋಗು. ಅಂಗಡಿಯವನು ಗಾಜಿನ ಕಪಾಟಿನಿಂದ ತೆಗೆಯದೆ ಬರೀ ಬಾಯಲ್ಲಿ ಹೇಳಿದರೆ ಎದ್ದು ಬಾ. ಕೈಗೆ ಇಸಿದುಕೊಂಡು ಒಂದು ಬೀಡಿ ಸೇದುವಷ್ಟು ಹೊತ್ತು ಹಿಡಿದು ನಿಲ್ಲು. ಹೆಬ್ಬೆರಳು ಎಲ್ಲ ಗುಂಡಿಗೂ ತಾನಾಗಿ ಹೋಗಬೇಕು. ಭುಜ ನೋಯಿತೋ, ಅದು ನಿನ್ನ ಬೀರುವಿನಲ್ಲಿ ಧೂಳು ತಿನ್ನಲು ಹುಟ್ಟಿದ್ದು ಎಂದು ತಿಳಿ. ಇರುವುದರಲ್ಲಿ ಚಿಕ್ಕ ಮಾಡೆಲ್ಲು ತಗೋ. ಡಬ್ಬಿಯಲ್ಲೇ ಒಂದು ಗಿಡ್ಡ ಲೆನ್ಸು ಕೊಡುತ್ತಾರಂತೆ, ಹೊಸಬನಿಗೆ ಅಷ್ಟು ಸಾಕು.

ನನ್ನ ಟ್ರಂಕಿನಲ್ಲಿರುವ ಉದ್ದ ಲೆನ್ಸು ಕೇಳಿದ್ದೀಯ. ಕೊಡುವುದಿಲ್ಲ. ಜಿಪುಣ ಅಂದುಕೊಂಡರೆ ಅಂದುಕೋ. ಮೊದಲ ದಿನವೇ ಉದ್ದ ಲೆನ್ಸು ಹಿಡಿದವನು ಮರದಡಿ ಕೂತು ದೂರದಿಂದ ಕದಿಯಲು ಕಲಿಯುತ್ತಾನೆ, ಫೋಟೋ ತೆಗೆಯಲು ಕಲಿಯುವುದಿಲ್ಲ. ನನಗೆ ಕೆಲಸ ಕಲಿಸಿದ ರಂಗಯ್ಯ ಹೇಳುತ್ತಿದ್ದುದು ಒಂದೇ ಮಾತು: "ಲೇ, ಕಾಲೇ ಲೆನ್ಸು. ಸಣ್ಣಗೆ ಕಂಡ್ರೆ ನಡಿ." ಸೊಂಟ ಮುರಿಯುವ ತನಕ ನಡೆದೆ. ನೀನೂ ನಡಿ.

ಮತ್ತೊಂದು. ಅದರ ತಲೆಯ ಮೇಲೆ ಒಂದು ತಿರುಗಣಿ ಇರುತ್ತದಂತೆ, ಅದರಲ್ಲೊಂದು ಹಸಿರು ಚೌಕ. ಹೊಸಬರು ತಿರುಗಣಿಯನ್ನು ಹಸಿರಿಗೆ ಇಟ್ಟುಬಿಟ್ಟರೆ ಮಿಕ್ಕದ್ದನ್ನೆಲ್ಲ ಕ್ಯಾಮೆರಾವೇ ನೋಡಿಕೊಳ್ಳುತ್ತದೆ ಎಂದು ಪ್ರಿಂಟು ಹಾಕುವ ಲ್ಯಾಬಿನವನು ಅನುಸೂಯಳಿಗೆ ಹೇಳಿದ. ಆರು ತಿಂಗಳು ಅಲ್ಲಿಂದ ಕದಲಿಸಬೇಡ.

ನಾಲ್ಕು ಪುಟ ಬರೆದವನು ಒಂದನ್ನು ಬರೆದಿಲ್ಲ. ಯಾವುದರ ಫೋಟೋ ತೆಗೆಯಲು ನಿನಗೆ ಕ್ಯಾಮೆರಾ?

ಬೈದದ್ದನ್ನು ಬಿಟ್ಟು ಉಳಿದದ್ದನ್ನು ಇಟ್ಟುಕೋ.
ನಿನ್ನ ಸೋದರಮಾವ,
ದೊಡ್ಡತಿಮ್ಮಪ್ಪ


ಚಿಕ್ಕಜಾಜೂರು
12-2-2007

ಮಾವನಿಗೆ ನಮಸ್ಕಾರಗಳು.

ನೀವು ಹೇಳಿದ ಹಾಗೆಯೇ ದಾವಣಗೆರೆಯಲ್ಲಿ ಹಿಡಿದು ನೋಡಿ ತಂದೆ. ಅಂಗಡಿಯವನು "ಏನ್ ಸಾರ್, ಮಗೂನ ಎತ್ಕೊಂಡಂಗೆ ನಿಂತೀರಲ್ಲ" ಎಂದು ನಕ್ಕ. ಚಿಕ್ಕ ಮಾಡೆಲ್ಲು, ಗಿಡ್ಡ ಲೆನ್ಸು. ಅವ್ವ ಅದಕ್ಕೆ ಕುಂಕುಮ ಇಡಲು ಹೋಗಿ ಗಾಜಿಗೇ ಇಟ್ಟುಬಿಟ್ಟಳು. ಒರೆಸಲು ಅರ್ಧ ದಿನ ಬೇಕಾಯಿತು.

ಸ್ಟೇಷನ್ನಿನಲ್ಲಿ ನನ್ನದು ಪಾಯಿಂಟ್ಸ್‌ಮನ್ ಕೆಲಸ, ಹಳಿ ಬಿಟ್ಟು ಕದಲುವ ಹಾಗಿಲ್ಲ. ಸೋಮವಾರ ಮಾತ್ರ ರಜೆ. ಆ ದಿನ ಊರ ಹಿಂದಿನ ಹೊಗೆಗುಡ್ಡಕ್ಕೆ ಹೋಗುತ್ತೇನೆ. ಜುಂಜಣ್ಣ ಎಂಬ ಕುರಿಯವನು ಜೊತೆಗಿರುತ್ತಾನೆ. ಅವನಪ್ಪ ಅಜ್ಜ ಎಲ್ಲ ಆ ಗುಡ್ಡದಲ್ಲೇ ಕುರಿ ಕಾದವರು. ಅವನಿಗೊಂದು ಚಾಳಿ. ಬಂಡೆ ತಿರುವು ಬಂದಲ್ಲೆಲ್ಲ ಕೆಮ್ಮುತ್ತಾನೆ, ಕೋಲಿನಿಂದ ಕಲ್ಲು ಕುಟ್ಟುತ್ತಾನೆ. ಕೆಮ್ಮೇನೂ ಇಲ್ಲ ಅವನಿಗೆ, ಗಂಟಲು ಗಂಟೆಯ ಹಾಗಿದೆ. ಹೊತ್ತು ಇಳಿಯುವಾಗ "ಕಂಬಳಿ ಹೊದ್ದೋಳು ಎದ್ದೇಳೋ ಹೊತ್ತಾತು, ನಡೀರಿ ಹೋಗಾಣ" ಎಂದು ಹೊರಡಿಸಿದ. ಯಾರು ಅವಳು ಎಂದರೆ ಗುಡ್ಡ ಇಳಿಯುವ ತನಕ ಬಾಯಿ ಬಿಡಲಿಲ್ಲ.

ಕೆಲವು ಪ್ರಿಂಟು ಕಳಿಸಿದ್ದೇನೆ. ತಿರುಗಣಿ ಹಸಿರಿನಲ್ಲೇ ಇದೆ. ಯಾವುದರ ಫೋಟೋ ಎಂದು ಕೇಳಿದ್ದೀರಿ. ಸುಮ್ಮನೆ, ಗಿಡ ಮರ ಬಂಡೆ.

ಚೈತ್ರಾ ನಿಮ್ಮ ಸೊಂಟ ಹೇಗಿದೆ ಎಂದು ಕೇಳಿದಳು. ಅಂದರೆ, ಕೇಳು ಎಂದು ನಾನೇ ಹೇಳಿದೆ, ಹೂಂ ಎಂದಳು.

ನಿಮ್ಮ ಬೈಗುಳಕ್ಕೆ ಕಾದಿರುವ,
ನಾಗಭೂಷಣ


ಹಿರಿಯೂರು
1-3-2007

ನಾಗಭೂಷಣನಿಗೆ,

ಪ್ರಿಂಟು ನೋಡಿದೆ. ಬಸ್ಸಿನ ಕಿಟಕಿಯಿಂದ ತೆಗೆದ ಹಾಗಿವೆ. ಬಂಡೆಯ ಫೋಟೋ ಎನ್ನುತ್ತೀಯ, ಮುಕ್ಕಾಲು ಪಾಲು ಆಕಾಶ. ಕುರಿಗಳು ಅನ್ನದಲ್ಲಿ ಬಿದ್ದ ಸಾಸಿವೆಯ ಹಾಗಿವೆ. ಜುಂಜಣ್ಣನ ಮುಖದಲ್ಲಿ ಮೂಗು ಯಾವುದು, ಮುಂಡಾಸಿನ ತುದಿ ಯಾವುದು ಗೊತ್ತಾಗಲಿಲ್ಲ. ಹೆದರಿಕೊಂಡು ತೆಗೆದಿದ್ದೀಯ. ಹತ್ತಿರ ಹೋಗಯ್ಯ. ಎದುರಿನವನ ಉಸಿರು ನಿನ್ನ ಗಾಜಿಗೆ ತಾಗಬೇಕು, ಅಲ್ಲಿಯ ತನಕ ಗುಂಡಿ ಒತ್ತಬೇಡ.

ಮದುಮಗಳ ಮೂಗುತಿ ತೆಗೆಯಬೇಕಾದರೆ ನಾನು ಮಂಟಪ ಹತ್ತಿ ಐನೋರ ಹೋಮದ ಹೊಗೆಯೊಳಗೇ ಮುಖ ಇಡುತ್ತಿದ್ದೆ. ಅವರು ಬೈದರು, ಬೀಗರು ಬೈದರು. ಆಲ್ಬಮ್ಮು ಬಂದ ಮೇಲೆ ಅವರೇ ಕಾಫಿ ಕೊಟ್ಟರು.

ಕೊನೆಯ ಪ್ರಿಂಟಿನಲ್ಲಿ ಒಂದು ಹುತ್ತ ಇದೆ. ಅದನ್ನು ಯಾರು ಅಗೆದದ್ದು? ಗುದ್ದಲಿಯ ಗುರುತಲ್ಲ ಅದು. ಅನುಸೂಯ ಭೂತಗನ್ನಡಿ ಎಲ್ಲೋ ಇಟ್ಟು ಮರೆತಿದ್ದಾಳೆ, ಸಿಕ್ಕಲಿಲ್ಲ. ಅದನ್ನು ಹತ್ತಿರದಿಂದ ತೆಗೆದು ಕಳಿಸು.

ಹೆಂಡತಿ ಪರವಾಗಿ ನೀನೇ ಕ್ಷೇಮ ವಿಚಾರಿಸಬೇಡ. ಅವಳಿಗೆ ಕೇಳಬೇಕು ಎನಿಸಿದ ದಿನ ಕೇಳುತ್ತಾಳೆ.

ದೊಡ್ಡತಿಮ್ಮಪ್ಪ


ಚಿಕ್ಕಜಾಜೂರು
26-3-2007

ಮಾವನಿಗೆ ನಮಸ್ಕಾರಗಳು.

ನೀವು ಕೇಳಿದ ಹುತ್ತವನ್ನು ಮೊಣಕಾಲೂರಿ ತೆಗೆದಿದ್ದೇನೆ. ಉಗುರಿನ ಗೀರು ನನ್ನ ಬೆರಳಿಗಿಂತ ಉದ್ದ. ಇನ್ನೊಂದು ಪ್ರಿಂಟು ಬಂಡೆ ಬುಡದ ಮಣ್ಣಿನಲ್ಲಿ ಬಿದ್ದ ಹೆಜ್ಜೆಯದು. ಪಕ್ಕದಲ್ಲಿರುವುದು ಅಳತೆಗೆಂದು ಇಟ್ಟ ನನ್ನ ಚಪ್ಪಲಿ.

ಇನ್ನು ಮುಚ್ಚಿಡುವುದಿಲ್ಲ. ಕ್ಯಾಮೆರಾ ಕೊಂಡದ್ದೇ ಇದಕ್ಕಾಗಿ. ಜನವರಿಯಲ್ಲಿ ಗೂಡ್ಸ್ ಗಾಡಿಗೆ ಸಿಗ್ನಲ್ ಸಿಗದೆ ಗುಡ್ಡದ ತಿರುವಿನಲ್ಲಿ ನಿಂತಿತ್ತು. ಲ್ಯಾಂಪು ಹಿಡಿದು ಅಲ್ಲಿಗೆ ನಡೆದಿದ್ದೆ. ಮೇಲೆ ಬಂಡೆಗಳ ನಡುವೆ ಒಂದು ಕರಡಿ ಹೋಯಿತು, ಜುಂಜಣ್ಣ ಹೇಳುವ ಕಂಬಳಿ ಹೊದ್ದೋಳು. ಗಬ್ಬವಾಗಿ ಹೊಟ್ಟೆ ಬಂದಿತ್ತು. ಕ್ವಾರ್ಟರ್ಸಿಗೆ ಬಂದು ಚೈತ್ರಾಳಿಗೆ ಹೇಳಿದೆ. ಅವಳು ದೀಪಾವಳಿಯಿಂದ ಮಾತು ಬಿಟ್ಟದ್ದು ನಿಮಗೆ ಗೊತ್ತು. ಯಾಕೆಂದೂ ಗೊತ್ತು. ಖಾಲಿಯಾಗೇ ಉಳಿದ ತೊಟ್ಟಿಲನ್ನು ಅಟ್ಟಕ್ಕೆ ಹಾಕಿದ್ದು ನಾನೇ. ಕರಡಿ ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ತಿರುಗುತ್ತದೆ ಎಂದು ಜುಂಜಣ್ಣ ಹೇಳಿದ್ದನ್ನು ಅವಳಿಗೆ ಹೇಳಿದಾಗ ತಲೆ ಎತ್ತಿ, "ಬೀಳಲ್ವಾ? ಹೆಂಗೆ ಹಿಡ್ಕೊಂಡಿರ್ತವೆ?" ಎಂದು ಕೇಳಿದಳು. ಅಷ್ಟೇ. ದೀಪಾವಳಿಯಿಂದ ಇಲ್ಲಿಯ ತನಕ ಅವಳಾಗಿ ಆಡಿದ ಮಾತು ಅದೊಂದೇ.

ಹೇಗೆ ಹಿಡಿದುಕೊಂಡಿರುತ್ತವೆ ಎಂದು ಅವಳಿಗೆ ತೋರಿಸಬೇಕು, ಮಾವ.

ಕಳೆದ ವಾರ ಕಂಡೆ. ಬೆನ್ನ ಮೇಲೆ ಎರಡು ಮರಿ. ಫೋಟೋದಲ್ಲಿ ಬರೀ ಕರಿ ಚುಕ್ಕೆ. ನೀವು ಹೇಳಿದ್ದು ಸರಿ, ದೂರದಿಂದ ಏನೂ ಬರುವುದಿಲ್ಲ. ಜುಂಜಣ್ಣನ ಕೆಮ್ಮಿಗೆ ಅದು ಮೊದಲೇ ಎದ್ದು ಹೋಗುತ್ತದೆ. ಮುಂದಿನ ಸಲ ಕೆಮ್ಮಬೇಡ ಎಂದು ಕೈಮುಗಿದು ಹೇಳಿದ್ದೇನೆ. ಅವನು ಒಪ್ಪಿಲ್ಲ. ಒಪ್ಪಿಸುತ್ತೇನೆ.

ಅವ್ವನಿಗೆ ಹೇಳಬೇಡಿ.

ನಾಗಭೂಷಣ


ಹಿರಿಯೂರು
30-3-2007

ಲೇ ನಾಗಭೂಷಣ,

ನಿನಗೆ ತಲೆ ನೆಟ್ಟಗಿದೆಯೇನೋ? ಚಪ್ಪಲಿ ಇಟ್ಟ ಪ್ರಿಂಟು ನೋಡಿ ಕೈಯಲ್ಲಿದ್ದ ಟೀ ಚೆಲ್ಲಿಕೊಂಡೆ. ಆ ಮಣ್ಣು ಹಸಿಯಾಗಿದೆ. ಹೆಜ್ಜೆಯ ಅಂಚು ಇನ್ನೂ ಉದುರಿಲ್ಲ. ನೀನು ಚಪ್ಪಲಿ ಬಿಚ್ಚಿ ಇಡುವಾಗ ಅದು ಪಕ್ಕದ ಬಂಡೆಯ ಹಿಂದೆಯೇ ಇತ್ತು.

ನಾನು ಯಾರಿಗೂ ಹೇಳದ ಒಂದು ವಿಷಯ ಹೇಳುತ್ತೇನೆ. ತೊಂಬತ್ತೊಂದರಲ್ಲೋ ಏನೋ, ಹೊಸದುರ್ಗದ ಕಡೆಯ ಗುಡ್ಡವೊಂದಕ್ಕೆ ಪೊಲೀಸರು ಜೀಪಿನಲ್ಲಿ ಕರೆದುಕೊಂಡು ಹೋದರು. ಆಗ ಹೆಣದ ಫೋಟೋಕ್ಕೆಲ್ಲ ಸ್ಟುಡಿಯೋದವರನ್ನೇ ಎಳೆದುಕೊಂಡು ಹೋಗುತ್ತಿದ್ದರು. ಹುಣಸೆಹಣ್ಣು ಆರಿಸಲು ಹೋದವನು, ಚಿತ್ತಪ್ಪ ಅಂತ. ಮೇಲೆ ಕಂಬಳಿ ಮುಚ್ಚಿದ್ದರು. ಸರಿಸಿದರು. ಮುಖ ಇರಬೇಕಾದ ಕಡೆ ನೋಡಿ ನಾನು ಕ್ಯಾಮೆರಾ ಇಳಿಸಿದೆ. "ಹತ್ರ ಬಾರಯ್ಯ, ಕಾಣಂಗೆ ತೆಗಿ" ಎಂದರು. ಹೋದೆ. ಆ ನೆಗೆಟಿವ್ ಟ್ರಂಕಿನ ತಳದಲ್ಲಿ ಇನ್ನೂ ಇದೆ. ಎತ್ತಿ ಬೆಳಕಿಗೆ ಹಿಡಿದವನಲ್ಲ.

ಚಿರತೆಗೆ ಹಸಿವಾಗಬೇಕು. ಕರಡಿಗೆ ಹಸಿವು ಬೇಡ, ಬೆಚ್ಚಿದರೆ ಸಾಕು. ಮರಿ ಇದ್ದರಂತೂ ಮುಗಿಯಿತು, ಎದ್ದು ನಿಂತು ಮುಖಕ್ಕೇ ಬರುತ್ತದೆ. ಅದಕ್ಕೇ ಕುರಿಯವರು ಕೆಮ್ಮುವುದು. ನಾವು ಬರುತ್ತಾ ಇದ್ದೇವೆ, ದಾರಿ ಬಿಡು ತಾಯಿ ಎಂದು ಹೇಳುವುದು ಅದು. ಆ ಗುಡ್ಡದಲ್ಲಿ ಅಪ್ಪ ಅಜ್ಜನ ಕಾಲದಿಂದ ಅವರನ್ನು ಉಳಿಸಿದ್ದು ಕೋಲಲ್ಲ, ಕೆಮ್ಮು. ಅದನ್ನು ನಿಲ್ಲಿಸು ಎಂದು ಕೈಮುಗಿದೆಯಾ ನೀನು?

ಹತ್ತಿರ ಹೋಗು ಎಂದು ಬರೆದವನು ನಾನೇ. ನೀನು ಮದುವೆ ಮುಂಜಿ ತೆಗೆಯುತ್ತೀಯ ಎಂದುಕೊಂಡು ಬರೆದೆ. ಆ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ.

ಉದ್ದ ಲೆನ್ಸನ್ನು ಹತ್ತಿಯಲ್ಲಿ ಸುತ್ತಿ ಕಳಿಸುತ್ತಿದ್ದೇನೆ. ಚಿತ್ರದುರ್ಗದ ಬಸ್ಸಿನ ಕಂಡಕ್ಟರ್ ಪ್ರದೀಪ್ ನಮ್ಮ ಬೀದಿಯವನು, ಹೊಳಲ್ಕೆರೆ ಬಸ್ಸಿಗೆ ದಾಟಿಸುತ್ತಾನೆ. ಕಂಪನಿ ಒಂದೇ, ನಿನ್ನ ಕ್ಯಾಮೆರಾದ ಬಾಯಿಗೆ ಕೂರುತ್ತದೆ. ತೆಗೆಯಲೇಬೇಕು ಅಂತಿದ್ದರೆ ಹಳಿಯ ಈಚೆ ನಿಂತು ತೆಗಿ. ಗುಡ್ಡ ಹತ್ತಬೇಡ. ಚೈತ್ರಾಳಿಗೆ ಫೋಟೋ ಇಲ್ಲದಿದ್ದರೂ ನಡೆಯುತ್ತದೆ.

ದೊಡ್ಡತಿಮ್ಮಪ್ಪ


ಚಿಕ್ಕಜಾಜೂರು
29-4-2007

ಮಾವನಿಗೆ ನಮಸ್ಕಾರಗಳು.

ತಡವಾಯಿತು, ಕ್ಷಮಿಸಿ. ಲೆನ್ಸು ಸುರಕ್ಷಿತವಾಗಿ ಬಂತು. ಕೂರುವುದೇನೋ ಕೂರುತ್ತದೆ. ಆದರೆ ಹಸಿರು ಚೌಕದಲ್ಲಿಟ್ಟರೆ ಕ್ಯಾಮೆರಾ ಅದನ್ನು ಗುರುತು ಹಿಡಿಯುವುದೇ ಇಲ್ಲ, ಗುಂಡಿ ಒತ್ತಿದರೂ ಸುಮ್ಮನಿರುತ್ತದೆ. ಬೇರೆ ಕಡೆ ತಿರುಗಿಸಿದರೆ ಬೆಳಕು ಎಷ್ಟು, ದೂರ ಎಷ್ಟು ಎಲ್ಲ ನಾನೇ ಹೇಳಬೇಕು. ನೀವು ಕಣ್ಣಳತೆಯಲ್ಲಿ ಮಾಡಿಬಿಡುತ್ತಿದ್ದಿರಿ. ನನ್ನ ಕೈಯಲ್ಲಿ ಅರ್ಧ ಕಪ್ಪು, ಅರ್ಧ ಮಂಜು. ಏಪ್ರಿಲ್ ಪೂರ್ತಿ ಹಳಿಯ ಈಚೆಯೇ ನಿಂತೆ. ಒಂದೂ ಬರಲಿಲ್ಲ. ಮತ್ತೆ ಗಿಡ್ಡ ಲೆನ್ಸನ್ನೇ ಹಾಕಿದ್ದೇನೆ.

ಅದು ಮಲಗುವ ಗವಿ ಎಲ್ಲಿ ಎಂದು ಜುಂಜಣ್ಣನಿಂದ ಗೊತ್ತಾಗಿದೆ. ಎದುರಿಗೆ ಗಾಳಿ ಬೀಸುವ ಕಡೆ ಒಂದು ಬಂಡೆ ಇದೆ, ಅದರ ಮರೆಯಲ್ಲಿ ಕೂತರೆ ವಾಸನೆ ಹೋಗುವುದಿಲ್ಲ. ಹೊತ್ತು ಮುಳುಗುವಾಗ ಹೊರಗೆ ಬರುತ್ತದೆ. ಜುಂಜಣ್ಣ ಕೊನೆಗೂ ಒಪ್ಪಿದ. "ಒಂದ್ ಸಲ ಬಾಯಿ ಮುಚ್ಕಂಡಿರ್ತೀನಿ, ಆಮೇಲೆ ಈ ಗುಡ್ಡದ ಹೆಸರು ಎತ್ತಂಗಿಲ್ಲ" ಎಂದ. ನಾನೂ ಚೈತ್ರಾಳಿಗೆ ಹಾಗೇ ಮಾತು ಕೊಟ್ಟಿದ್ದೇನೆ. ಅವಳು ಬೇಡ ಎನ್ನಲಿಲ್ಲ. ಕಿಟಕಿಯಿಂದ ಗುಡ್ಡದ ಕಡೆ ನೋಡುತ್ತಾಳೆ ಈಗ, ಅದೇ ದೊಡ್ಡದು.

ಏಳನೇ ತಾರೀಕು ಸೋಮವಾರ ಹೋಗುತ್ತೇನೆ. ಬೈಯಬೇಡಿ. ಶಬ್ದ ಮಾಡುವುದಿಲ್ಲ, ಕದಲುವುದಿಲ್ಲ, ಒಂದೇ ಒಂದು ಫೋಟೋ. ಅದಕ್ಕೆ ನಾನಿರುವುದೇ ಗೊತ್ತಾಗುವುದಿಲ್ಲ.

ನಾಗಭೂಷಣ


ಹಿರಿಯೂರು
4-5-2007, ಶುಕ್ರವಾರ ಸಂಜೆ

ನಾಗಭೂಷಣ,

ಈ ಕಾಗದ ಪೂರ್ತಿ ಓದುವ ತನಕ ಕ್ಯಾಮೆರಾ ಮುಟ್ಟಬೇಡ.

ತೆಂಗಿನಕಾಯಿ ಮಂಡಿಯ ಶ್ರೀನಿವಾಸ್ ಈಗ ಬಂದಿದ್ದ. ಮಗಳ ಮದುವೆಗೆಂದು ನಿನ್ನದೇ ಮಾಡೆಲ್ಲಿನ ಕ್ಯಾಮೆರಾ ತಂದಿದ್ದಾನೆ, ತೋರಿಸಿ ಮೆರೆಯಲು ಬಂದ. ಕರೆಂಟು ಹೋಗಿತ್ತು, ನನ್ನ ಕೋಣೆ ಮಬ್ಬು. "ಕುಂತ್ಕಳ್ರಿ, ನಿಮ್ಮುದೇ ಒಂದು ತೆಗಿತೀನಿ" ಎಂದು ಎತ್ತಿ ಹಿಡಿದ. ಗುಂಡಿಯ ಮೇಲೆ ಬೆರಳು ಇಟ್ಟನೋ ಇಲ್ಲವೋ, ಕ್ಯಾಮೆರಾದ ನೆತ್ತಿ ಟಪ್ಪೆಂದು ಸೀಳಿ ಮೇಲೆದ್ದಿತು. ಸತ್ತದ್ದು ತಲೆ ಎತ್ತಿದ ಹಾಗೆ. ಕಣ್ಣಿಗೆ ಸಿಡಿಲು ಹೊಡೆಯಿತು. ಗೋಡೆಯ ಮೇಲಿದ್ದ ಹಲ್ಲಿ ಕೆಳಗೆ ಬಿತ್ತು.

ಫ್ಲಾಶ್ ಯಾಕೆ ಹಾಕಿದೆಯೋ ಎಂದು ಕೂಗಿದೆ. "ನಾನೆಲ್ಲಿ ಹಾಕ್ದೆ? ಹಸಿರಲ್ಲಿ ಐತಲ್ಲ, ಕತ್ಲಿದ್ರೆ ಅದೇ ಎದ್ದೇಳ್ತೈತೆ" ಎಂದ.

ಅದೇ ಎದ್ದೇಳುತ್ತದೆ. ತಿಳಿಯಿತೇನೋ? ನಮ್ಮ ಕಾಲದಲ್ಲಿ ಫ್ಲಾಶನ್ನು ಬೇರೆ ಹೊತ್ತು ತರಬೇಕಿತ್ತು, ಸಿಕ್ಕಿಸಬೇಕಿತ್ತು, ಬೇಕೆಂದರೆ ಮಾತ್ರ ಹೊಡೆಯುತ್ತಿತ್ತು. ಈ ಯಂತ್ರ ಯಾರನ್ನೂ ಕೇಳುವುದಿಲ್ಲ. ನೀನು ಇಷ್ಟು ದಿನ ಬಿಸಿಲಿನಲ್ಲಿ ತೆಗೆದೆ, ಅದು ಸುಮ್ಮನಿತ್ತು. ಗವಿಯ ಮುಂದೆ, ಹೊತ್ತು ಮುಳುಗುವಾಗ, ಮರಿ ಹೊತ್ತವಳ ಎದುರಿಗೆ ನೀನು ಉಸಿರು ಬಿಗಿಹಿಡಿದು ಕೂತಿರುತ್ತೀಯ. ಅದು ತಲೆ ಎತ್ತುತ್ತದೆ.

ಹಸಿರು ಚೌಕದಿಂದ ತಿರುಗಿಸು. ಅಲ್ಲಿಂದ ಕದಲಿಸಬೇಡ ಎಂದು ನಾನು ಬರೆದದ್ದನ್ನು ಹರಿದು ಒಲೆಗೆ ಹಾಕು. ಪಕ್ಕದ ಗುರುತಿನಲ್ಲಿಟ್ಟರೆ ಏಳುವುದಿಲ್ಲ ಎಂದು ಶ್ರೀನಿವಾಸ್ ತೋರಿಸಿದ. ಅದೂ ಬೇಡ. ಹೋಗಲೇಬೇಡ. ಜುಂಜಣ್ಣನಿಗೆ ಹೇಳು, ಹಿರಿಯೂರಿನ ಮುದುಕ ಹೇಳಿದ್ದಾನೆ, ಗಂಟಲು ಹರಿಯುವ ಹಾಗೆ ಕೆಮ್ಮು ಅಂತ.

ಅನುಸೂಯಳ ಕೈಲಿ ಈಗಷ್ಟೇ ಫೋನು ಮಾಡಿಸಿದೆ. ಸಿಗ್ನಲ್ ಇಲ್ಲವಂತೆ. ಡ್ಯೂಟಿಯಲ್ಲಿದ್ದರೆ ಸಿಗಬೇಕಿತ್ತು. ಈ ಹೊತ್ತಿನಲ್ಲಿ ಎಲ್ಲಿದ್ದೀಯ?

ಇರಲಿ. ಸೋಮವಾರಕ್ಕೆ ಇನ್ನೂ ಹೊತ್ತಿದೆ. ಬೆಳಗಿನ ಟಪ್ಪಾಲಿಗೇ ಹಾಕಿಸುತ್ತೇನೆ.

ನಿನ್ನ ಮಾವ,
ದೊಡ್ಡತಿಮ್ಮಪ್ಪ


ಹಿರಿಯೂರು
14-5-2007

ನಾಗಭೂಷಣ,

ಕಾಗದ ಮುಟ್ಟಿತಾ? ಒಂದು ಸಾಲು ಬರೆ. ಬರೆಯಲು ಬೇಸರವಾದರೆ ಖಾಲಿ ಕಾರ್ಡು ಹಾಕು. ವಿಳಾಸದಲ್ಲಿ ನಿನ್ನ ಅಕ್ಷರ ಇದ್ದರೆ ಸಾಕು.

ಅನುಸೂಯ ಬಾಗಿಲಲ್ಲಿ ಯಾರ ಜೊತೆಗೋ ಮಾತಾಡಿ ಒಳಗೆ ಬಂದಾಗ ನನ್ನ ಮುಖ ನೋಡುತ್ತಿಲ್ಲ. ಏನು ಎಂದರೆ ಏನೂ ಇಲ್ಲ ಎಂದು ಬಾಯಿ ಆಡಿಸುತ್ತಾಳೆ. ಕಿವಿ ಇಲ್ಲದವನಿಗೆ ಎಲ್ಲರೂ ಬಾಯಿ ಆಡಿಸುವವರೇ.

ದೊಡ್ಡತಿಮ್ಮಪ್ಪ


ದಾವಣಗೆರೆ
19-5-2007

ಪೂಜ್ಯ ಮಾವನವರಿಗೆ,

ನಿಮಗೆ ಹೇಳಬಾರದು ಎಂದು ಅತ್ತೆ ಅನುಸೂಯಕ್ಕನಿಂದ ಫೋನಿನಲ್ಲಿ ಆಣೆ ಮಾಡಿಸಿಕೊಂಡಿದ್ದರು. ನಿಮ್ಮ ಕಾರ್ಡು ಓದಿ ನನಗೆ ತಡೆಯಲಾಗಲಿಲ್ಲ.

ಅವರು ಸೋಮವಾರ ಹೋಗಲಿಲ್ಲ. ಸೋಮವಾರ ಸ್ಟೇಷನ್ನಿನ ಇನ್ನೊಬ್ಬರ ಮನೆಯಲ್ಲಿ ಗೃಹಪ್ರವೇಶ ಇತ್ತು, ಡ್ಯೂಟಿ ಅದಲುಬದಲು ಮಾಡಿಕೊಂಡು ಶುಕ್ರವಾರ ಹೋದರು. ಅವತ್ತು ಸಂಜೆ ನಾನು ಕಿಟಕಿಯಲ್ಲಿ ನಿಂತಿದ್ದೆ. ಗುಡ್ಡದ ಮೇಲೆ ಒಂದು ಸಲ ಬಿಳಿ ಬೆಳಕು ಮಿಂಚಿತು. ಮೋಡ ಇರಲಿಲ್ಲ. ಫೋಟೋ ಸಿಕ್ಕಿತು ಎಂದುಕೊಂಡೆ, ಮಾವ. ಖುಷಿಯಾಯಿತು. ಆಮೇಲೆ ಜುಂಜಣ್ಣನ ಕೂಗು ಕೇಳಿತು, ಒಂದೇ ಸಮನೆ, ಕೂಗೋ ಕೆಮ್ಮೋ ಗೊತ್ತಾಗದ ಹಾಗೆ.

ಕೋಲು, ಕಂಬಳಿ ಎಲ್ಲ ಎಸೆದು ಅವನೇ ಅದನ್ನು ಓಡಿಸಿದ್ದು. ಅವನೇ ಇವರನ್ನು ಹೆಗಲ ಮೇಲೆ ಹೊತ್ತು ತಂದ. ಜೀವಕ್ಕೆ ತೊಂದರೆ ಇಲ್ಲ ಎಂದು ಡಾಕ್ಟರು ಹೇಳುತ್ತಿದ್ದಾರೆ. ಎಡಗಣ್ಣು ಹೋಗಿದೆ. ಮುಖಕ್ಕೆ ಇನ್ನೂ ಎರಡು ಸಲ ಆಪರೇಷನ್ ಆಗಬೇಕು. ಬಟ್ಟೆ ಕಟ್ಟಿದ್ದಾರೆ, ಬಾಯಿಯ ಹತ್ತಿರ ಮಾತ್ರ ತೆರೆದಿದೆ.

ನಿಮ್ಮ ನಾಲ್ಕನೇ ತಾರೀಕಿನ ಕಾಗದ ಮಂಗಳವಾರ ಕ್ವಾರ್ಟರ್ಸಿಗೆ ಬಂತಂತೆ. ಇಲ್ಲಿಗೆ ತರಿಸಿಕೊಂಡು ಆಸ್ಪತ್ರೆಯ ವರಾಂಡದಲ್ಲಿ ಓದಿದೆ. ಅವರಿಗೆ ಓದಿ ಹೇಳಿಲ್ಲ.

ನಾನು ಕೇಳಿದ್ದು ಒಂದೇ ಮಾತು, ಮಾವ. ಹೆಂಗೆ ಹಿಡ್ಕೊಂಡಿರ್ತವೆ ಅಂತ.

ಚೈತ್ರಾ


ಚಿಕ್ಕಜಾಜೂರು
6-8-2007

ಮಾವನಿಗೆ ನಮಸ್ಕಾರಗಳು.

ಸಾಲು ಓರೆಯಾಗಿದ್ದರೆ ಕ್ಷಮಿಸಿ, ಒಂದು ಕಣ್ಣಿಗೆ ಇನ್ನೂ ದೂರ ಹತ್ತಿರ ತಿಳಿಯುತ್ತಿಲ್ಲ. ಲೋಟಕ್ಕೆ ಕೈ ಚಾಚಿದರೆ ಪಕ್ಕದ ಗಾಳಿಯನ್ನು ಹಿಡಿಯುತ್ತೇನೆ.

ಮನೆಗೆ ಬಂದು ಇಪ್ಪತ್ತು ದಿನವಾಯಿತು. ಅವ್ವ ಮನೆಯ ಕನ್ನಡಿಗಳನ್ನೆಲ್ಲ ತೆಗೆದಿಟ್ಟಿದ್ದಾಳೆ. ಸ್ಟೀಲ್ ತಟ್ಟೆಯಲ್ಲಿ ಊಟ ಕೊಡುವುದಿಲ್ಲ, ಮುತ್ತುಗದ ಎಲೆ ಹಾಕುತ್ತಾಳೆ. ಬಂದವರು ನನ್ನ ಭುಜ ನೋಡಿಕೊಂಡು ಮಾತಾಡುತ್ತಾರೆ. ಎಲ್ಲರೂ "ಏನೂ ಆಗಿಲ್ಲ ಬಿಡಪ್ಪ" ಎನ್ನುತ್ತಾರೆ. ಬಾಗಿಲು ದಬ್ಬಿ ಯಾರಾದರೂ ತಟ್ಟನೆ ಒಳಗೆ ಬಂದರೆ ನಾನು ಗೋಡೆ ಕಡೆ ತಿರುಗುತ್ತೇನೆ, ಕೈ ತಾನಾಗಿ ಮುಖಕ್ಕೆ ಹೋಗುತ್ತದೆ. ಜುಂಜಣ್ಣ ಮಾತ್ರ ದಿನಾ ಸಂಜೆ ಗೇಟಿನಲ್ಲಿ ನಿಂತು ಕೆಮ್ಮುತ್ತಾನೆ. ಒಳಗೆ ಬಾ ಎಂದರೆ ಬರುವುದಿಲ್ಲ.

ನನ್ನ ಮುಖ ನಾನಿನ್ನೂ ನೋಡಿಲ್ಲ. ಕನ್ನಡಿ ಕೇಳಿದರೆ ಅವ್ವ ಅಳುತ್ತಾಳೆ. ನನಗೊಂದು ಫೋಟೋ ಬೇಕು. ನೀವು ತೆಗೆಯಬೇಕು. ನೀವು ಯಾವತ್ತೂ ಚೆನ್ನಾಗಿಲ್ಲದ್ದನ್ನು ಚೆನ್ನಾಗಿದೆ ಎಂದವರಲ್ಲ.

ಕ್ಯಾಮೆರಾ ಕೆಟ್ಟಿಲ್ಲ. ಮಣ್ಣು ಒರೆಸಿ ಚೈತ್ರಾ ಅಟ್ಟದಲ್ಲಿ ತೊಟ್ಟಿಲೊಳಗೆ ಇಟ್ಟಿದ್ದಾಳೆ. ಅವತ್ತಿನದು ಅದರಲ್ಲಿ ಇರಬೇಕು. ಅವಳೂ ನೋಡಿಲ್ಲ, ನಾನೂ ನೋಡಿಲ್ಲ. ಮೊದಲು ನನ್ನದು ನೋಡುತ್ತೇನೆ, ಆಮೇಲೆ ಇಬ್ಬರೂ ಅದನ್ನು.

ನಿಮ್ಮ ಸೊಂಟದಲ್ಲಿ ಬರಲಾಗದು ಎಂದು ಗೊತ್ತು. ಆದರೂ ಕೇಳಿದ್ದೇನೆ.

ನಾಗಭೂಷಣ


ಹಿರಿಯೂರು
9-8-2007

ನಾಗಭೂಷಣನಿಗೆ,

ಭಾನುವಾರ ಬರುತ್ತೇನೆ. ಶ್ರೀನಿವಾಸ್ ಕಾಯಿ ಸಾಗಿಸುವ ಗಾಡಿಯಲ್ಲಿ ಹಾಸಿಗೆ ಹಾಸಿ ಮಲಗಿಸಿಕೊಂಡು ಬರುತ್ತಾನಂತೆ. ಸೊಂಟದ ಡಾಕ್ಟರು ಬೇಡ ಎಂದ. ಅವನ ಮಾತು ನನಗೆ ಕೇಳಿಸಲಿಲ್ಲ.

ಗಂಗಕ್ಕನಿಗೆ ಹೇಳು, ನಾನು ಬರುವ ಮುಂಚೆ ಪೂರ್ವದ ಕಿಟಕಿಯ ಪರದೆ ಬಿಚ್ಚಿ ತೊಳೆಯಲು ಹಾಕಲಿ. ಎದುರು ಗೋಡೆಗೆ ಒಂದು ಬಿಳಿ ಪಂಚೆ ಕಟ್ಟಲಿ. ಅಷ್ಟು ಬೆಳಕು ಸಾಕು. ಫ್ಲಾಶ್ ಇಲ್ಲ. ತಿರುಗಣಿ ಹಸಿರಿನಲ್ಲಿ ಇರುವುದಿಲ್ಲ. ಶ್ರೀನಿವಾಸನ ಕ್ಯಾಮೆರಾ ಇಸಿದುಕೊಂಡು ನಾನು ಮೇ ತಿಂಗಳಿನಿಂದ ಅದನ್ನು ಅಕ್ಷರ ಕಲಿತ ಹಾಗೆ ಕಲಿತಿದ್ದೇನೆ. ಯಾವ ಗುಂಡಿ ಒತ್ತಿದರೆ ಏನು ಎದ್ದೇಳುತ್ತದೆ ಎಂದು ಈಗ ಗೊತ್ತು. ಜನವರಿಯಲ್ಲಿ ಗೊತ್ತಿರಬೇಕಿತ್ತು. ಇನ್ನೊಂದು ಸಲ ಆ ಮಾತು ಎತ್ತುವುದಿಲ್ಲ, ನೀನೂ ಎತ್ತಬೇಡ.

ಫೋಟೋ ತೆಗೆಯಲು ಒಂದು ಕಣ್ಣು ಸಾಕಲ್ಲವೇ ಎಂದು ಯಾರಾದರೂ ಸಮಾಧಾನ ಹೇಳಲು ಬಂದರೆ ಹೊರಗೆ ಕಳಿಸು. ಸಾಕಾಗುವುದಿಲ್ಲ. ಎರಡೂ ಬೇಕು. ಒಂದು ಹೋಗಿದೆ.

ಚೈತ್ರಾಳಿಗೆ ಇದನ್ನು ಓದಿ ಹೇಳು: ಕೇಳಿದವಳದು ತಪ್ಪಲ್ಲ. ತಿಂಗಳುಗಟ್ಟಲೆ ಬಾಯಿ ಮುಚ್ಚಿದವಳು ಒಂದು ಮಾತು ಕೇಳಿದ್ದಾಳೆ, ಇನ್ನು ಮೇಲೂ ಕೇಳಲಿ. ಅವತ್ತಿನ ಫೋಟೋ ಅದರಲ್ಲಿ ಇದ್ದರೆ ಇರಲಿ. ಯಾವತ್ತು ನೋಡಬೇಕು ಎಂಬುದನ್ನು ನೀವಿಬ್ಬರೇ ತೀರ್ಮಾನ ಮಾಡಿ, ನನ್ನನ್ನು ಕರೆಯಬೇಡಿ. ನನ್ನ ಟ್ರಂಕಿನಲ್ಲೂ ಅಂಥದ್ದೊಂದು ಇತ್ತು. ನಿನ್ನೆ ಬೆಳಕಿಗೆ ಹಿಡಿದು ನೋಡಿದೆ. ಚಿತ್ತಪ್ಪನ ಮುಖ ನಾನು ಇಷ್ಟು ವರ್ಷ ನೆನೆಸಿಕೊಂಡಷ್ಟು ಕೆಟ್ಟದಾಗಿರಲಿಲ್ಲ. ನೋಡದೆ ಇಟ್ಟದ್ದಕ್ಕೆ ಬೆಳೆದಿತ್ತು.

ಉದ್ದ ಲೆನ್ಸು ನಿಮ್ಮ ಮನೆಯಲ್ಲೇ ಇದೆ. ಅದನ್ನು ಹಾಕಿದರೆ ನಾನು ಬಾಗಿಲಾಚೆ ನಿಂತೇ ತೆಗೆಯಬಹುದು, ನೀನು ನನ್ನ ಮುಖ ನೋಡಬೇಕಾಗಿಲ್ಲ, ನಾನು ನಿನ್ನದು ನೋಡಬೇಕಾಗಿಲ್ಲ. ಬೇಡ. ಗಿಡ್ಡದನ್ನೇ ಹಾಕಿ ತೆಗೆದಿಡು. ಇದೊಂದನ್ನು ಹತ್ತಿರದಿಂದಲೇ ತೆಗೆಯುತ್ತೇನೆ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎನ್ನುತ್ತೇನೆ.

ತಟ್ಟನೆ ಒಳಗೆ ಬರುವುದಿಲ್ಲ. ಗೇಟಿನಲ್ಲಿ ಜುಂಜಣ್ಣ ಇದ್ದರೆ ಅವನ ಹೆಗಲು ಹಿಡಿದು ಬಾಗಿಲ ತನಕ ಬಂದು ನಿಂತು ಕೆಮ್ಮುತ್ತೇನೆ. ಅವಸರವಿಲ್ಲ. ನೀನು ಸಿದ್ಧವಾದಾಗ ಒಳಗಿನಿಂದ ನೀನೂ ಒಮ್ಮೆ ಕೆಮ್ಮು. ನನಗೆ ಕೇಳಿಸುವುದಿಲ್ಲ. ಚೈತ್ರಾ ನನ್ನ ತೋಳು ಮುಟ್ಟಿ ಹೇಳಲಿ.

ಬಾಗಿಲಾಚೆ ಕಾಯುವ,
ದೊಡ್ಡತಿಮ್ಮಪ್ಪ